ನಾಲ್ಕು ಸಾಲಿನ ಒಡತಿ

ನೆಲ್ಬಾ ತುಂಬಾಕೊಗೆ ಸಿಟ್ಟು ಬಂದರೆ ಅವಳು ಕೂಗಾಡುವುದಿಲ್ಲ, ಬಹುವಚನಕ್ಕೆ ಇಳಿಯುತ್ತಾಳೆ. ಆ ಗುರುವಾರ ಸಂಜೆ ಗ್ವಾಯಾಕಿಲ್‌ನ ಗ್ರಂಥಾಲಯದ ಸಭಾಂಗಣದಲ್ಲಿ ಅವಳು ಎದ್ದು ನಿಂತು, "ಲೇಖಕಿಯವರೇ, ತಮ್ಮನ್ನ ಒಂದು ಮಾತು ಕೇಳ್ಬೋದಾ?" ಅಂದಾಗಲೇ ನನಗೆ ಗೊತ್ತಾಯಿತು, ಇವತ್ತು ಇಲ್ಲಿ ಯಾರದೋ ಮಾನ ಹೋಗುತ್ತದೆ ಎಂದು.

ವೇದಿಕೆಯ ಮೇಲಿದ್ದವಳು ಗ್ರೆಸಿಯಾ ವಿಯಾಫುಯೆರ್ತೆ. ಅವಳ ಮೊದಲ ಕಾದಂಬರಿ 'ಬಾಗಿಲಲ್ಲಿ ಕೂತವಳು' ಅಂದು ಬಿಡುಗಡೆಯಾಗಿತ್ತು. ಗ್ರೆಸಿಯಾ, ನೆಲ್ಬಾ, ನಾನು ಮೂವರೂ 'ದಂಡೆ' ಎಂಬ ಒಂದೇ ಆನ್‌ಲೈನ್ ಗುಂಪಿನವರು. ನಾನು ಕ್ಲೆಬರ್. ಹೊಟ್ಟೆಪಾಡಿಗೆ ಶಾಲಾ ವ್ಯಾನು ಓಡಿಸುತ್ತೇನೆ, ಉಳಿದ ಹೊತ್ತಿನಲ್ಲಿ ಆ ಗುಂಪಿನ ಮೇಲ್ವಿಚಾರಣೆ ಮಾಡುತ್ತೇನೆ. ಅಂದರೆ ಸಾವಿರಾರು ಜನ ಕಥೆ ಬರೆದು ಹಾಕುವ ಕಡೆ ಯಾರು ಯಾರನ್ನು ಬೈದರು, ಯಾರು ಯಾರದನ್ನು ಕದ್ದರು ಎಂಬುದನ್ನು ನೋಡಿಕೊಳ್ಳುವ ಕೆಲಸ. ಸಂಬಳವಿಲ್ಲ, ಶಾಪ ಮಾತ್ರ ಧಾರಾಳ.

ಗುಂಪಿನಲ್ಲಿ 'ಬೀಜದ ಬುಟ್ಟಿ' ಎಂಬ ಒಂದು ಜಾಗವಿತ್ತು. ಬರೆಯಲು ಪುರುಸೊತ್ತಿಲ್ಲದವರು, ಧೈರ್ಯವಿಲ್ಲದವರು ತಮಗೆ ಹೊಳೆದ ಕಥೆಯ ಎಳೆಯನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಅಪ್ಪಣೆ ಕೇಳುವುದು ಬೇಡ. ಷರತ್ತು ಒಂದೇ: ಬರೆದ ಕಥೆಯ ಕೆಳಗೆ 'ಬೀಜ ಇಂಥವರದು' ಎಂದು ಹೆಸರು ಹಾಕಬೇಕು.

ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಕೂತು ರೋಗಿಗಳ ಹೆಸರು ಕರೆಯುವ ನೆಲ್ಬಾ ಒಂದು ಮಧ್ಯಾಹ್ನ ಆ ಬುಟ್ಟಿಗೆ ನಾಲ್ಕು ಸಾಲು ಹಾಕಿದ್ದಳು. "ಒಂದು ಮೀನುಗಾರರ ಊರು. ಗಂಡ ಸತ್ತಿದ್ದಾನೆ. ಅವನಿಗೆ ಮೋಸ ಮಾಡಿದ ತಮ್ಮ ಬಂದು ಕ್ಷಮೆ ಕೇಳುವ ತನಕ ಹೆಣ ಎತ್ತಬೇಡಿ ಎಂದು ಹೆಂಡತಿ ಬಾಗಿಲಲ್ಲಿ ಕೂತಿದ್ದಾಳೆ. ತಮ್ಮ ಬರುವುದಿಲ್ಲ."

ವಿಮಾ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಗ್ರೆಸಿಯಾ ಅದನ್ನು ಎತ್ತಿಕೊಂಡಳು. ಪ್ರತಿ ಭಾನುವಾರ ಒಂದೊಂದು ಅಧ್ಯಾಯ ಹಾಕಿದಳು. ಚೆನ್ನಾಗಿ ಬರೆದಳು, ಅದನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಜನ ಭಾನುವಾರಕ್ಕೆ ಕಾದು ಕೂರುತ್ತಿದ್ದರು. ಮೊದಲ ಅಧ್ಯಾಯದ ಕೆಳಗೆ ನೆಲ್ಬಾಳ ಹೆಸರಿತ್ತು. ಆಮೇಲೆ ಒಬ್ಬ ಪ್ರಕಾಶಕರು ಬಂದರು. ಅಧ್ಯಾಯಗಳೆಲ್ಲ ಗುಂಪಿನಿಂದ ಮಾಯವಾದವು. ಪುಸ್ತಕ ಅಚ್ಚಾಗಿ ಬಂದಾಗ ಕೃತಜ್ಞತೆಯ ಪುಟದಲ್ಲಿ ಗ್ರೆಸಿಯಾಳ ಗಂಡನಿದ್ದ, ಸಂಪಾದಕಿಯಿದ್ದಳು, ಅವಳ ಬೆಕ್ಕು ಕೂಡ ಇತ್ತು. ನೆಲ್ಬಾ ಇರಲಿಲ್ಲ.

ಅದನ್ನಾದರೂ ನೆಲ್ಬಾ ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ಬಿಡುಗಡೆಗೆ ಮುಂಚೆ ರೇಡಿಯೊ ಸಂದರ್ಶನದಲ್ಲಿ ಗ್ರೆಸಿಯಾ, "ಈ ಕಥೆ ನನಗೆ ಕನಸಲ್ಲಿ ಬಂತು" ಅಂದುಬಿಟ್ಟಳು.

"ಕೇಳಿ" ಎಂದಳು ಗ್ರೆಸಿಯಾ ವೇದಿಕೆಯಿಂದ, ನಗುತ್ತಲೇ. ಯಾರೆಂದು ಅವಳಿಗೆ ಗುರುತು ಸಿಕ್ಕಿತ್ತು.

"ತಮಗೆ ಕನಸು ಯಾವ ಭಾಷೇಲಿ ಬಿತ್ತು? ಯಾಕಂದ್ರೆ ನಾನು ಬರೆದ ನಾಲ್ಕು ಸಾಲು ಅಕ್ಷರ ಅಕ್ಷರ ಹಾಗೇ ಬಿದ್ದಿದೆಯಲ್ಲ, ಅದಕ್ಕೆ ಕೇಳ್ದೆ."

ಸಭೆಯಲ್ಲಿ ಗುಜುಗುಜು ಎದ್ದಿತು. ಎಂಪನಾದಾ ಕಡುಬು ತಿನ್ನುತ್ತಿದ್ದವರು ಕೈ ನಿಲ್ಲಿಸಿದರು.

"ನೋಡು ನೆಲ್ಬಾ, ಇದು ಆ ಮಾತಿಗೆ ಜಾಗ ಅಲ್ಲ."

"ಹೆಸರು ನೆನಪಿದೆ! ಸದ್ಯ. ಪುಸ್ತಕದಲ್ಲಿ ಮರೆತು ಹೋಗಿತ್ತಲ್ಲ, ಕಾಯಿಲೆ ಏನೋ ಅಂದ್ಕೊಂಡೆ."

ಗ್ರೆಸಿಯಾಳ ನಗು ಹೋಯಿತು. "ನಾಲ್ಕು ಸಾಲು ಬರೆದವಳು ನೀನು. ನಾಲ್ಕುನೂರು ಪುಟ ಬರೆದವಳು ನಾನು. ಮೀನಿನ ಸಾರಿಗೆ ಒಂದು ನಿಂಬೆಹಣ್ಣು ಕೊಟ್ಟೋಳು ಬಂದು ಅಡುಗೇನೇ ನಂದು ಅಂತ ಕೂತ್ರೆ ಹೆಂಗಮ್ಮಾ?"

ಜನ ನಕ್ಕರು. ನೆಲ್ಬಾ ಆ ನಗು ಮುಗಿಯುವ ತನಕ ಕಾದಳು.

"ಅಡುಗೆ ತಮ್ಮದೇ. ನಾನು ಯಾವತ್ತೂ ಇಲ್ಲ ಅಂದಿಲ್ಲ. ಆದ್ರೆ ನಿಂಬೆಹಣ್ಣು ಆಕಾಶದಿಂದ ಬಿತ್ತು ಅಂತ ಯಾಕೆ ಹೇಳಿದ್ರಿ?"

ಈ ಸಲ ನಗು ಬಂದದ್ದು ಹಿಂದಿನ ಸಾಲುಗಳಿಂದ, ಅದೂ ಗ್ರೆಸಿಯಾಳ ಮೇಲೆ. ಪ್ರಕಾಶಕರು ಕಾವಲುಗಾರನಿಗೆ ಕಣ್ಣು ಮಾಡಿದರು. ಅವನು ಬಂದು ನೆಲ್ಬಾಳ ಪಕ್ಕ ನಿಂತ. ಅವಳು ತಾನಾಗಿಯೇ ಹೊರಟಳು. ಹೋಗುವಾಗ ಬಾಗಿಲ ಬಳಿಯ ಮೇಜಿನಲ್ಲಿ ಒಂದು ಪ್ರತಿ ಕೊಂಡಳು. ನಾನು ಯಾಕೆ ಎಂಬಂತೆ ನೋಡಿದೆ.

"ಬೈಯೋಕೆ ಮುಂಚೆ ಓದ್ಬೇಕಲ್ಲ" ಅಂದಳು.

ಮರುದಿನದಿಂದ ಗುಂಪಿನಲ್ಲಿ ಯುದ್ಧ. ಮೇಲ್ವಿಚಾರಕನಾಗಿ ನಾನು ನಿಯಮದ ಪ್ರಕಾರ ಬರೆದೆ: ಬೀಜ ನೆಲ್ಬಾಳದ್ದು, ಹೆಸರು ತೆಗೆದದ್ದು ತಪ್ಪು, ಮುಂದಿನ ಮುದ್ರಣದಲ್ಲಿ ಸೇರಿಸಬೇಕು. ಗ್ರೆಸಿಯಾ ಅದಕ್ಕೆ ಒಂದೇ ಸಾಲಿನ ಉತ್ತರ ಕೊಟ್ಟಳು: "ವ್ಯಾನ್ ಡ್ರೈವರ್‌ಗಳು ಸಾಹಿತ್ಯದ ನ್ಯಾಯಾಧೀಶರಾದ ಕಾಲ." ಅವಳ ಓದುಗರು ನೆಲ್ಬಾಳಿಗೆ 'ನಾಲ್ಕು ಸಾಲಿನ ಒಡತಿ' ಎಂದು ಹೆಸರಿಟ್ಟರು. ಅವಳು ಕ್ಲಿನಿಕ್ಕಿನ ಸಮವಸ್ತ್ರದಲ್ಲಿದ್ದ ಫೋಟೊ ಹುಡುಕಿ ತೆಗೆದು, ಕೆಳಗೆ 'ಹಲ್ಲು ಕೀಳುವವರ ಮನೆಯ ಕವಯಿತ್ರಿ' ಎಂದು ಬರೆದು ಹಂಚಿದರು. ನಮ್ಮ ಕಡೆಯವರೇನು ಸಾಧುಗಳಲ್ಲ. ಗ್ರೆಸಿಯಾಳ ಬೆಕ್ಕಿಗೆ ಕೂಡ ಬೈದರು. ಅವಳು ಯಾವಾಗಲೋ ಬರೆದ ಹಳೆಯ ಪ್ರೇಮಕವಿತೆಗಳನ್ನು ಎಳೆದು ತಂದು ಪ್ರತಿ ಸಾಲನ್ನೂ ಯಾರದೋ ಎಂದು ಸಾಧಿಸಲು ಹೊರಟರು. ಒಬ್ಬಳು ಅವಳ ಕಚೇರಿಗೆ ಫೋನ್ ಮಾಡಿ, "ನಿಮ್ಮಲ್ಲಿ ಕಳ್ಳತನಕ್ಕೂ ವಿಮೆ ಇದೆಯಾ?" ಎಂದು ಕೇಳಿದಳಂತೆ.

ಆಮೇಲೆ ಗ್ರೆಸಿಯಾಳ ಕಡೆಯವರು ಹೊಸ ಮಾತು ತೆಗೆದರು: ಇಂಥ ಕಲ್ಪನೆ ಯಾರಿಗೆ ಬೇಕಾದರೂ ಬರಬಹುದು, ನೆಲ್ಬಾಳೇ ಎಲ್ಲಿಂದಲೋ ಎತ್ತಿರಬೇಕು. ಈ ಮಾತಿಗೆ ನೆಲ್ಬಾಳ ತಲೆ ಕೆಟ್ಟಿತು. ಊಟದ ಬಿಡುವಿನಲ್ಲಿ ಕ್ಲಿನಿಕ್ಕಿನ ಹಿತ್ತಲಲ್ಲಿ ನಿಂತು ಒಂದು ವಿಡಿಯೊ ಮಾಡಿ ಹಾಕಿದಳು.

"ಇದು ಕನಸೂ ಅಲ್ಲ, ಕದ್ದಿದ್ದೂ ಅಲ್ಲ. ನಾನು ಕಣ್ಣಾರೆ ಕಂಡಿದ್ದು. ಪುಂತಾ ಬ್ರಾವಾದಲ್ಲಿ ನಮ್ಮ ಮಾವ ಎಫ್ರಾಯಿನ್ ತೀರ್ಕೊಂಡಾಗ, ಅವ್ರ ದೋಣಿ ನುಂಗಿದ ತಮ್ಮ ಬಂದು ಕ್ಷಮೆ ಕೇಳೋ ತನಕ ಹೆಣ ಎತ್ತಬೇಡಿ ಅಂತ ನಮ್ಮತ್ತೆ ಬಾಗಿಲಲ್ಲಿ ಕೂತ್ರು. ನಾನು ಅಲ್ಲೇ ಇದ್ದೆ, ಸೊಸೆ ನಾನು. ಆಗ ಈ ಲೇಖಕಿಯವರು ಎಲ್ಲಿದ್ರು? ಹಾಸಿಗೇಲಿ!"

ನಾವೆಲ್ಲ ಚಪ್ಪಾಳೆ ಹೊಡೆದೆವು. ವಿಡಿಯೊ ಕರಾವಳಿಯ ಉದ್ದಕ್ಕೂ ಓಡಿತು. ಅಲ್ಲಿಯ ತನಕ ಆ ಪುಸ್ತಕ ಯಾವುದೋ ಊರಿನ ಯಾರದೋ ಕಥೆಯಾಗಿತ್ತು. ಈಗ ಅದಕ್ಕೊಂದು ಊರು ಬಂತು, ಮನೆ ಬಂತು, ಹೆಣಕ್ಕೆ ಹೆಸರು ಬಂತು. ಇದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ.

ಹೊಳೆದದ್ದು ಫೋನ್ ಬಂದಾಗ. ನೆಲ್ಬಾಳ ಗಂಡ ಅವಳನ್ನು ಬಿಟ್ಟು ಮಚಾಲಾದಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿ ವರ್ಷಗಳಾಗಿದ್ದವು. ಅಂದಿನಿಂದ ಅತ್ತೆ ಸೊಸೆಗೆ ಮಾತಿರಲಿಲ್ಲ. ಊರೆಲ್ಲ ಗೌರವದಿಂದ 'ದೋನ್ಯಾ' ಎನ್ನುವ ಆ ಅತ್ತೆ ಸೆನೋವಿಯಾ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಬಾ ಇಲ್ಲಿ. ಆ ಪುಸ್ತಕ ತಗೊಂಡು ಬಾ."

ಶನಿವಾರ ನನ್ನ ವ್ಯಾನಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ನೆಲ್ಬಾ, "ಅತ್ತೆಗೆ ತನ್ನ ಹೆಸರು ಬೇಕಿರ್ಬೇಕು. ಹಾಕ್ಸೋಣ. ನ್ಯಾಯ ತಾನೇ?" ಎನ್ನುತ್ತಿದ್ದಳು. ನಾನೂ ಹಾಗೇ ಅಂದುಕೊಂಡಿದ್ದೆ.

ದೋನ್ಯಾ ಸೆನೋವಿಯಾ ಅಡುಗೆಮನೆಯ ಹೊರಗೆ ಕೂತು ಹಸಿರು ಬಾಳೆಕಾಯಿ ಸುಲಿಯುತ್ತಿದ್ದರು. ಎಂಬತ್ತರ ಹತ್ತಿರದ ಮುದುಕಿ, ಕಟ್ಟಿಗೆಯಂಥ ತೋಳು. ನಮ್ಮನ್ನು ಕೂರಿ ಅನ್ನಲಿಲ್ಲ.

"ಇವ್ನ್ಯಾರು? ಹೊಸ ಗಂಡನಾ?"

"ಅಲ್ಲ ಅತ್ತೆ, ಗುಂಪಿನ ಸ್ನೇಹಿತ. ಕ್ಲೆಬರ್ ಅಂತ."

"ಗುಂಪು! ನಿನ್ನ ಗುಂಪಿಂದಾನೇ ನನ್ನ ಮನೆ ಮುಂದೆ ಜನ ಫೋಟೊ ತೆಗೀತಾ ನಿಂತಿರೋದು. ಮೊನ್ನೆ ಒಬ್ಬಳು ಬಂದು ಬಾಗಿಲಲ್ಲಿ ಕೂತ್ಕೊಳಿ ಅಜ್ಜಿ, ಒಂದು ಫೋಟೊ ಅಂದ್ಳು. ಬಾಳೆಕಾಯಲ್ಲಿ ಹೊಡ್ದೆ."

"ಅತ್ತೆ, ತಪ್ಪಾಯ್ತು. ನನ್ನನ್ನ ಕ್ಷಮಿಸಿ..."

ಮುದುಕಿ ಚಾಕು ತೋರಿಸಿದರು. "ಆ ಮಾತು ಬಾಯಿಂದ ತೆಗೀಬೇಡ. ಕ್ಷಮೆ ಕಥೆ ಬರ್ದು ಬರ್ದು ನಿಮ್ಗೆಲ್ಲ ಕ್ಷಮೆ ಅಗ್ಗ ಆಗ್ಹೋಗಿದೆ. ಪುಸ್ತಕ ಓದಿದ್ಯಾ?"

"ಅರ್ಧ ಓದಿದೀನಿ."

"ಅರ್ಧ! ಊರೆಲ್ಲ ಜಗಳ ಆಡೋಕೆ ಬರುತ್ತೆ, ಕೊನೆ ತನಕ ಓದೋಕೆ ಬರಲ್ಲ. ಫಾದರ್ ಹತ್ರ ಇತ್ತು, ಇಸ್ಕೊಂಡು ಪೂರ್ತಿ ಓದ್ದೆ ನಾನು. ನಾನು ಮೂರು ಸಲ ಅಳ್ತೀನಂತೆ ಅದ್ರಲ್ಲಿ. ಹೋಗ್ಲಿ, ಅತ್ತಿದ್ದೆ ಅಂತಾನೇ ಇಟ್ಕೋ. ಕೊನೆಗೆ ಏನಾಗತ್ತೆ ಗೊತ್ತಾ? ಅವ್ರ ತಮ್ಮ ಹಸಿಂತೊ ಬರ್ತಾನೆ! ಮಳೇಲಿ ನೆನ್ಕೊಂಡು ಬರ್ತಾನೆ, ಅಣ್ಣನ ಕಾಲು ಹಿಡ್ಕೊಂಡು ಅಳ್ತಾನೆ, ನಾನು ಅವ್ನ ತಲೆ ಸವರ್ತೀನಿ. ಥೂ!"

ನೆಲ್ಬಾ ಬ್ಯಾಗಿನಿಂದ ಪುಸ್ತಕ ತೆಗೆದು ಕೊನೆಯ ಪುಟಗಳನ್ನು ಮಗುಚಿದಳು. ನಾನು ಆ ಅಧ್ಯಾಯವನ್ನು ಗುಂಪಿನಲ್ಲೇ ಓದಿದ್ದೆ. ಓದಿ ಕಣ್ಣೊರೆಸಿಕೊಂಡಿದ್ದೆ ಕೂಡ.

"ನೀನು ಇದ್ದೆ ಅವತ್ತು" ಅಂದರು ಸೆನೋವಿಯಾ. "ಹೇಳು. ಬಂದ್ನಾ ಅವ್ನು?"

"ಇಲ್ಲ."

"ಏನು ಮಾಡ್ದ?"

"ನಮ್ಮ ಮನೆ ಮುಂದೇನೇ ದೋಣಿಗೆ ಹೋದ. ಶಿಳ್ಳೆ ಹಾಕ್ಕೊಂಡು."

"ಹೆಣ ಯಾರು ಎತ್ತಿಸಿದ್ದು?"

"ನೀವೇ. ಮಂಜುಗಡ್ಡೆ ಮುಗಿದಿತ್ತು. ವಾಸನೆ ಬರ್ತಿತ್ತು."

"ಹೂಂ." ಮುದುಕಿ ಸಿಪ್ಪೆಯನ್ನು ಬಕೆಟ್ಟಿಗೆ ಎಸೆದರು. "ಎಫ್ರಾಯಿನ್ ಆಸ್ಪತ್ರೇಲಿ ಮಲಗಿದ್ದಾಗ ದೋಣೀನ ತನ್ನ ಹೆಸರಿಗೆ ಮಾಡ್ಕೊಂಡವನು. ಅವ್ನ ಮಗ ವಾಶಿಂಗ್ಟನ್ ಈಗ ಮೀನು ಮಾರ್ಕೆಟ್ಟಲ್ಲಿ ನಿಂತು ಹೇಳ್ತಾನೆ, ನಮ್ಮಪ್ಪ ಅವತ್ತೇ ಕ್ಷಮೆ ಕೇಳಿದ್ರು, ಪುಸ್ತಕದಲ್ಲೇ ಬಂದಿದೆ ನೋಡ್ಕೊಳಿ ಅಂತ. ನಿನ್ನ ವಿಡಿಯೊನೇ ತೋರಿಸ್ತಾನೆ: ಅವ್ರ ಸೊಸೇನೇ ಹೇಳಿದಾಳೆ, ಇದು ನಮ್ಮನೇ ಕಥೆ ಅಂತ. ಇಪ್ಪತ್ತು ವರ್ಷ ನನ್ನ ಕಂಡ್ರೆ ತಲೆ ತಗ್ಗಿಸ್ತಿದ್ದ ಜನ ಈಗ ಬಂದು, ಹೋಗ್ಲಿ ಬಿಡಿ ದೋನ್ಯಾ, ಅವ್ನು ಕೇಳಿದ್ನಲ್ಲ ಅಂತಾರೆ. ಅವ್ನಿಗೆ ಪುಗಸಟ್ಟೆ ಪುಣ್ಯ ಕಟ್ಕೊಟ್ರಿ ನೀವಿಬ್ರೂ ಸೇರಿ."

ನೆಲ್ಬಾ ಪುಸ್ತಕ ಮುಚ್ಚಿದಳು. "ಪುಸ್ತಕದಲ್ಲಿ ನಿಮ್ಮ ಹೆಸರು ಹಾಕ್ಸಿ, ನಿಜ ಏನು ಅಂತ..."

"ನನ್ನ ಹೆಸರು ಆ ಹೆಂಗಸಿನ ಪುಸ್ತಕದಲ್ಲಾ? ಬೇಡ. ಅವ್ನು ಬರ್ಲಿಲ್ಲ ಅಂತ ಬರಿ. ಹಸಿಂತೊ ಅಂತ ಹೆಸರು ಹಾಕಿ ಬರಿ. ಯಾರು ಏನು ಮಾಡಿದ್ರೋ ಅದಕ್ಕೆ ಅವ್ರ ಹೆಸರು ಹಾಕ್ಬೇಕು ಅಂತ ತಾನೇ ನಿನ್ನ ಗಲಾಟೆ?"

ಅಷ್ಟರಲ್ಲಿ ಬೇಲಿಯಾಚೆ ಒಂದು ಮೋಟಾರ್‌ಸೈಕಲ್ ನಿಂತಿತು. ನಲವತ್ತರ ದಡೂತಿ ಮನುಷ್ಯ, ಕಾಲು ಕೆಳಗಿಡದೆ ಕೂಗಿದ.

"ಓಹೋ, ನಟಿ ಬಂದ್ರಾ! ಥ್ಯಾಂಕ್ಸ್ ಕಣಮ್ಮಾ. ನಮ್ಮಪ್ಪನ ಹೆಸರು ಒಳ್ಳೇದು ಮಾಡಿದ್ರಿ."

"ವಾಶಿಂಗ್ಟನ್" ಅಂದಳು ನೆಲ್ಬಾ, "ನಿಮ್ಮಪ್ಪ ಬರ್ಲಿಲ್ಲ. ನಿಮಗೂ ಗೊತ್ತು."

"ಅಚ್ಚಾಗಿರೋದು ಸುಳ್ಳಾ? ನೀನು ಹೇಳಿದ್ದು ನಿಜಾನಾ? ಹಲ್ಲಿನ ಡಾಕ್ಟ್ರ ಮನೇಲಿ ಚೀಟಿ ಹರಿಯೋಳು!"

"ಬರೀತೀನಿ. ಹೆಸರು ಹಾಕಿ ಬರೀತೀನಿ."

"ಬರಿ, ಬರಿ. ವಕೀಲರಿಗೂ ಓದೋಕೆ ಏನಾದ್ರೂ ಬೇಕಲ್ಲ." ಅವನು ಗಾಡಿ ತಿರುಗಿಸಿ ಮರಳು ಎರಚಿ ಹೋದ. ಸೆನೋವಿಯಾ ತಲೆ ಎತ್ತಲೇ ಇಲ್ಲ. ಬಾಳೆಕಾಯಿ ಎಣ್ಣೆಗೆ ಹಾಕಿದರು. ನಮಗೆ ಒಂದು ತುಂಡೂ ಕೊಡಲಿಲ್ಲ.

ನೆಲ್ಬಾ ಬರೆದಳು. ನಾಲ್ಕು ಸಾಲಲ್ಲ, ಎರಡು ಪುಟ. ಯಾವ ಮನೆ, ಯಾರು ಸತ್ತರು, ಯಾರ ದೋಣಿ, ಯಾರು ಶಿಳ್ಳೆ ಹಾಕಿಕೊಂಡು ಹೋದರು, ಎಲ್ಲ ಹೆಸರು ಹಿಡಿದು. ಕೊನೆಯಲ್ಲಿ ಹೀಗೆ ಬರೆದಿದ್ದಳು: "ನನ್ನ ಹೆಸರು ಬಿಟ್ಟರು ಎಂದು ಜಗಳ ಮಾಡಿದೆ. ಈ ಕಥೆ ನನ್ನ ಅತ್ತೆಯದು. ಅವರನ್ನು ಕೇಳದೆ ಬುಟ್ಟಿಗೆ ಹಾಕಿದವಳು ನಾನು. ಅವರ ಹೆಸರನ್ನು ನಾನೂ ಹಾಕಿರಲಿಲ್ಲ."

ನಮ್ಮವರೆಂದುಕೊಂಡವರೇ ಮೊದಲು ಮೇಲೆ ಬಿದ್ದರು. ಹಾಗಾದರೆ ಇಷ್ಟು ದಿನ ಯಾವ ಬಾಯಲ್ಲಿ ಗ್ರೆಸಿಯಾಳನ್ನು ಬೈದೆ ಎಂದರು. ಅವಳ ಪರವಾಗಿ ಹೆಚ್ಚು ಕಿರುಚಿದವರು ಈಗ ಅವಳ ವಿರುದ್ಧ ಹೆಚ್ಚು ಕಿರುಚಿದರು.

ಮುಂದಿನ ವಾರ ವಾಶಿಂಗ್ಟನ್‌ನ ವಕೀಲರ ನೋಟಿಸು ನೆಲ್ಬಾಳಿಗೆ ಬಂತು, ಪ್ರಕಾಶಕರಿಗೆ ಬಂತು, ಗ್ರೆಸಿಯಾಳಿಗೂ ಬಂತು. ಕುಟುಂಬದ ಮಾನಹಾನಿ, ದೋಣಿ ಕದ್ದವನೆಂಬ ಅಪವಾದ, ಕ್ಷಮೆ ಕೇಳಲಿಲ್ಲವೆಂಬ ಸುಳ್ಳು; ನೆಲ್ಬಾ ಹೆಸರು ಹಾಕಿದ ಮೇಲೆ ಪುಸ್ತಕದ ಮೋಸಗಾರ ತಮ್ಮನೂ ಹಸಿಂತೊನೇ ಎಂದಾಯಿತಂತೆ. ಅಂದೇ ಸಂಜೆ ಗ್ರೆಸಿಯಾ ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದಳು: "ಈ ಕಾದಂಬರಿಯ ಕಲ್ಪನೆ, ಪಾತ್ರ, ಘಟನೆ ಎಲ್ಲವೂ ನೆಲ್ಬಾ ತುಂಬಾಕೊ ಅವರವು. ನಾನು ಅಕ್ಷರರೂಪ ಕೊಟ್ಟೆ ಅಷ್ಟೆ. ಮುಂದಿನ ಮುದ್ರಣದ ಮೊದಲ ಪುಟದಲ್ಲೇ ಅವರ ಹೆಸರು ಇರುತ್ತದೆ."

ನಾನು ಅದನ್ನು ಓದಿ ಜೋರಾಗಿ ನಕ್ಕೆ. ನೆಲ್ಬಾ ನಗಲಿಲ್ಲ. ನನ್ನ ವ್ಯಾನಿನಲ್ಲೇ ಕೂತು ಗ್ರೆಸಿಯಾಳಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು.

"ಈಗ ಕನಸು ಒಡೀತಾ?"

"ನಿಂಗೆ ಬೇಕಿತ್ತಲ್ಲ? ತಗೋ" ಎಂದಳು ಗ್ರೆಸಿಯಾ. "ಪೂರ್ತಿ ತಗೋ. ಬೀಜಾನೂ ನಿಂದೇ, ಬೇರೂ ನಿಂದೇ, ಬುಡದಲ್ಲಿ ಹಾವಿದ್ರೆ ಅದೂ ನಿಂದೇ. ನನ್ನ ಮನೆ ಬಾಗಿಲಿಗೆ ಕೋರ್ಟು ತಂದವಳು ನೀನು."

"ಹಾವು ನಂದಲ್ಲ, ಲೇಖಕಿಯವರೇ. ನನ್ನ ನಾಲ್ಕು ಸಾಲಲ್ಲಿ ತಮ್ಮ ಬರಲ್ಲ. ಕೊನೇ ಸಾಲೇ ಅದು. ಮಳೇಲಿ ಅವನನ್ನ ಕರ್ಕೊಂಡು ಬಂದಿದ್ದು ನೀವು."

"ಓದುಗರಿಗೆ ಅದೇ ಇಷ್ಟ ಆಗಿದ್ದು! ಬರದೇ ಇದ್ರೆ ಯಾರು ಓದ್ತಿದ್ರು? ನಿನ್ನ ಅತ್ತೆ ಥರ ಎಲ್ರೂ ಕಲ್ಲಾಗಿರಲ್ಲ."

"ಹಾಗಿದ್ರೆ ಆ ಅಧ್ಯಾಯದ ಕೆಳಗೆ ನಿಮ್ಮ ಹೆಸರೇ ಇರ್ಲಿ. ಬೇರೆಯವ್ರ ಬರವಣಿಗೆಗೆ ನನ್ನ ಹೆಸರು ಹಾಕ್ಬೇಡಿ. ನಾನು ಕಳ್ಳಿ ಅಲ್ಲ."

ಆ ಕಡೆಯಿಂದ ಒಂದು ಕೆಟ್ಟ ಬೈಗುಳ ಬಂತು. ಫೋನ್ ಕಟ್ಟಾಯಿತು.

ಮೊಕದ್ದಮೆ ಮಾತ್ರ ಯಾರೂ ಎಣಿಸದ ರೀತಿಯಲ್ಲಿ ಬಿದ್ದುಹೋಯಿತು. ಊರಿನ ಅಧಿಕಾರಿ ಎರಡೂ ಕಡೆಯವರನ್ನು ಕರೆದು ಕೂರಿಸಿ, ಹಸಿಂತೊನನ್ನೇ ಕೇಳಿದರು: ಅಣ್ಣ ಸತ್ತಾಗ ನೀವು ಹೋಗಿ ಕ್ಷಮೆ ಕೇಳಿದಿರಾ? ಮಗ ಪಕ್ಕದಲ್ಲಿ ಕೂತು ಮೊಣಕೈಯಿಂದ ತಿವಿಯುತ್ತಿದ್ದ. ಆದರೆ ಮುದುಕನಿಗೆ ಅಷ್ಟರಲ್ಲಿ ಪುಸ್ತಕದ ಕೊನೆಯನ್ನು ಯಾರೋ ಓದಿ ಹೇಳಿದ್ದರು. ತಾನು ಮಳೆಯಲ್ಲಿ ಹೆಣದ ಕಾಲು ಹಿಡಿದು ಅತ್ತಿದ್ದಾಗಿ ಬರೆದಿದೆ ಎಂಬುದನ್ನು ಕೇಳಿ ಅವನಿಗೆ ಮೈಯೆಲ್ಲ ಉರಿದಿತ್ತು.

"ನಾನು ಕ್ಷಮೆ ಕೇಳ್ದೆ ಅಂತ ಯಾವನು ಬರ್ದಿದ್ದು?" ಎಂದು ಗುಡುಗಿದ. "ನಾನ್ಯಾಕೆ ಕೇಳ್ಲಿ? ದೋಣಿ ನಂದು! ಅವತ್ತೂ ಹೋಗಿಲ್ಲ, ಇವತ್ತು ಕರೆದ್ರೂ ಹೋಗಲ್ಲ!"

ಸೆನೋವಿಯಾ ಎದುರಿಗೇ ಕೂತಿದ್ದರು. ಎದ್ದು, ಶಾಲು ಹೆಗಲಿಗೆ ಹಾಕಿಕೊಂಡು, "ಕೇಳಿಸ್ತಾ ಎಲ್ರಿಗೂ?" ಅಂದು ಹೊರಟೇಹೋದರು. ವಾಶಿಂಗ್ಟನ್‌ನ ವಕೀಲ ಮತ್ತೆ ಕಾಣಿಸಿಕೊಳ್ಳಲಿಲ್ಲ.

ಎರಡನೆಯ ಮುದ್ರಣದಲ್ಲಿ ಪ್ರಕಾಶಕರು ಎರಡು ಸಾಲು ಹಾಕಿದರು: ಕಥೆಯ ಬೀಜ ನೆಲ್ಬಾ ತುಂಬಾಕೊ ಅವರದು, ತಮ್ಮ ಬಂದು ಕ್ಷಮೆ ಕೇಳುವ ಪ್ರಸಂಗ ಲೇಖಕಿಯ ಕಲ್ಪನೆ. ಆ ಎರಡನೆಯ ಸಾಲಿನ ಮೇಲೆ ಗ್ರೆಸಿಯಾಳಿಗೆ ಎಷ್ಟು ದ್ವೇಷವೆಂದರೆ, ಓದುಗರಿಗೆ ಸಹಿ ಹಾಕಿಕೊಡುವಾಗ ಪೆನ್ನಿನಿಂದ ಅದನ್ನು ಗೀಚಿಯೇ ಕೊಡುತ್ತಾಳಂತೆ. ಅವಳು ಗುಂಪನ್ನು ಬಿಟ್ಟು ತನ್ನದೇ ಬೇರೆ ಗುಂಪು ಕಟ್ಟಿದಳು. ಅರ್ಧ ಜನ ಅವಳ ಹಿಂದೆ ಹೋದರು. ಬೀಜದ ಬುಟ್ಟಿಯನ್ನು ನಾವು ಮುಚ್ಚಿದೆವು. ಯಾರೂ ಅದಕ್ಕೆ ಏನೂ ಹಾಕುತ್ತಿರಲಿಲ್ಲ.

ನವೆಂಬರಿನಲ್ಲಿ ಸತ್ತವರ ದಿನ ಬಂದಾಗ ನೆಲ್ಬಾ ಸತ್ತವರಿಗೆಂದು ಇಡುವ ಗೊಂಬೆಯಾಕಾರದ ಸಿಹಿರೊಟ್ಟಿ ಒಂದು ಬುಟ್ಟಿ ಮಾಡಿಸಿಕೊಂಡು ಪುಂತಾ ಬ್ರಾವಾಕ್ಕೆ ಹೊರಟಳು. ನಾನೇ ವ್ಯಾನು ಓಡಿಸಿದೆ. ಮಾವನಿಗೆ ಇಷ್ಟವಾದ ಮೀನು, ಬಾಳೆಕಾಯಿ, ಒಂದು ಗ್ಲಾಸು ಸಾರಾಯಿ ಎಲ್ಲ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟದ್ದು ಹೊರಗಿನಿಂದಲೇ ಕಾಣುತ್ತಿತ್ತು. ದೋನ್ಯಾ ಸೆನೋವಿಯಾ ಬಂದರು. ಬುಟ್ಟಿ ಇಸಿದುಕೊಂಡು ರೊಟ್ಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು.

"ಸಕ್ಕರೆ ಜಾಸ್ತಿ" ಅಂದರು. "ಎಫ್ರಾಯಿನ್‌ಗೆ ಸಕ್ಕರೆ ಕಾಯಿಲೆ ಇತ್ತು. ಸೊಸೆಗೆ ನೆನಪಿಲ್ಲ."

ಆದರೂ ರೊಟ್ಟಿಯನ್ನು ಒಳಗೆ ಒಯ್ದು ಮೇಜಿನ ಮೇಲೆ ಇಟ್ಟರು. ಒಳಗೆ ಬಾ ಅನ್ನಲಿಲ್ಲ. ಖಾಲಿ ಬುಟ್ಟಿ ತಂದು ನೆಲ್ಬಾಳ ಕೈಗೆ ಕೊಟ್ಟು ಕದ ಹಾಕಿಕೊಂಡರು.

ನೆಲ್ಬಾ ವ್ಯಾನು ಹತ್ತಿ ಬುಟ್ಟಿಯನ್ನು ಹಿಂದಿನ ಸೀಟಿಗೆ ಎಸೆದಳು. "ಹೊಟ್ಟೆ ಹಸೀತಿದೆ" ಎಂದಳು. "ದಾರೀಲಿ ಎಲ್ಲಾದ್ರೂ ನಿಲ್ಸು."